ಕ್ರೂಸ್‌ಗೆ ಹೊಂಟೀರೇನು? ಹಡಗು ಹತ್ತೂಕ್ಕಿಂತ ಮೊದ್ಲು ಇನ್ಶೂರೆನ್ಸ್ ಹೆಂಗ ಆರಿಸೂದು, ಪೂರಾ ಹೇಳ್ತೀನಿ

ಸಿಂಗಾಪುರದ ಕ್ರೂಸ್‌ನಾಗ ಎರಡನೇ ರಾತ್ರಿ ನಮ್ಮ ಅಪ್ಪಾರಿಗೆ ವಾಂತಿ ಶುರು ಆತು. ಬಫೆಯೊಳಗ ಏನ್ ತಿಂದ್ರೋ, ಸಮುದ್ರ ಆಡ್ಸಿದ್ದಕ್ಕೋ ಗೊತ್ತಿಲ್ಲ, 68 ವಯಸ್ಸು, ಬಿಪಿ ಐತಿ ಶುಗರ್ ಐತಿ, ತಲಿ ತಿರಗಾಕತ್ತೇತಿ ಅಂತ ಕಾರಿಡಾರ್‌ನಾಗೇ ಗೋಡಿ ಹಿಡ್ಕೊಂಡು ಕುಂತ್ಬಿಟ್ರು. ಕೆಳಗಿನ ಡೆಕ್ಕಿನ ಮೆಡಿಕಲ್ ಸೆಂಟರಿಗೆ ವ್ಹೀಲ್‌ಚೇರ್‌ನಾಗ ಒಯ್ದ್ರು, ಒಂದು ಸಲೈನ್, ಒಂದು ಇಸಿಜಿ, ಎರಡು ಇಂಜೆಕ್ಷನ್, ನಾಲ್ಕು ತಾಸು ಮಲಗಿಸಿದ್ರು ಅಷ್ಟ. ಮುಂಜಾನೆ ಅಪ್ಪಾರು ಅಗದಿ ಆರಾಮ, ಇಡ್ಲಿ ಯಾವ ಡೆಕ್ಕಿನಾಗ ಸಿಗ್ತಾವಲೇ ಅಂತ ನನ್ನ ಕೇಳಾಕತ್ತಿದ್ರು. ನಾನು ಕೈಯಾಗಿನ ಬಿಲ್ ನೋಡ್ಕೋತ ನಿಂತಿದ್ದೆ, 640 ಡಾಲರ್. ಕ್ಯಾಶ್‌ಲೆಸ್ ಗೀಶ್‌ಲೆಸ್ ಏನೂ ಇಲ್ಲ, ಸೀದಾ ರೂಮಿನ ಅಕೌಂಟಿಗೆ ಬಿತ್ತು, ಅಲ್ಲಿಂದ ನನ್ನ ಕ್ರೆಡಿಟ್ ಕಾರ್ಡಿಗೆ.

ಆ ರೊಕ್ಕದಾಗ 100 ಡಾಲರ್ ಬಿಟ್ಟು ಉಳಿದದ್ದು ಆಮೇಲೆ ವಾಪಸ್ ಬಂತು ಅನ್ರಿ. ಬಂದದ್ದು ನಮ್ಮ ಪುಣ್ಯಕ್ಕಲ್ಲ, ಹೊಂಡೂಕ್ಕಿಂತ ಮೊದ್ಲು ಮೂರು ರಾತ್ರಿ ಕುಂತು ಪಾಲಿಸಿ ಕಾಗದ ಓದಿದ್ದಕ್ಕ. ಈಗ ಹುಬ್ಬಳ್ಳಿ ಧಾರವಾಡದಾಗ ರಿಟೈರ್ ಆದವ್ರು, ಹೊಸದಾಗಿ ಲಗ್ನ ಆದವ್ರು, ಕಿಟ್ಟಿ ಪಾರ್ಟಿಯವ್ರು ಎಲ್ಲಾರೂ ಕ್ರೂಸ್ ಕ್ರೂಸ್ ಅನ್ನಾಕತ್ತಾರ, ವಾರಕ್ಕೊಬ್ರು ನನಗ ಫೋನ್ ಮಾಡಿ ಯಾವ ಪಾಲಿಸಿ ತಗೋಬೇಕು ಹೇಳಪಾ ಅಂತಾರ. ಕಂಪನಿ ಹೆಸರು ನಾನು ಹೇಳೂದಿಲ್ಲ, ಯಾಕಂದ್ರ ನಿಮ್ಮ ಮನಿಯವ್ರ ವಯಸ್ಸು, ಜಡ್ಡು, ಹಡಗು ಹೋಗೂ ದಾರಿ ಇವು ಬ್ಯಾರೆ ಇರ್ತಾವ. ಆರಿಸೂ ರೀತಿ ಹೇಳ್ತೀನಿ.

ಮೊದ್ಲು ಒಂದು ಹಾಳಿ ಮ್ಯಾಲೆ ಟ್ರಿಪ್ ಬರೀರಿ

ಆ್ಯಪ್ ತಗದು ಪ್ರೀಮಿಯಂ ನೋಡೂದು ಆಮೇಲೆ. ಮೊದ್ಲು ಮನಿ ಬಾಗಲದಿಂದ ಮನಿ ಬಾಗಲದ ತನಕ ಬರೀರಿ. ಹುಬ್ಬಳ್ಳಿಯಿಂದ ಬಂದರದ ಊರಿಗೆ ಹೆಂಗ ಹೋಗ್ತೀರಿ, ಯಾವ ತಾರೀಖು ಎಷ್ಟು ಗಂಟೆಗೆ ಹಡಗು ಬಿಡ್ತೈತಿ, ನಡುವ ಯಾವ ಯಾವ ಬಂದರದಾಗ ನಿಂದರ್ತೈತಿ, ಯಾವತ್ತು ವಾಪಸ್. ಎಲ್ಲಾರ ವಯಸ್ಸು, ಯಾರಿಗೆ ಏನ್ ಜಡ್ಡು ಐತಿ, ಯಾವ ಗುಳಿಗಿ ನಡದಾವ. ಕಟ್ಟಿದ ರೊಕ್ಕ ಎಷ್ಟು, ಅದರಾಗ ವಾಪಸ್ ಬರಲಾರದ್ದು ಎಷ್ಟು. ಹತ್ತು ನಿಮಿಷದ ಕೆಲಸ, ಆದ್ರ ಮುಂದಿನ ಎಲ್ಲಾ ನಿರ್ಧಾರ ಇದರ ಮ್ಯಾಲೇ ನಿಂತಾವ.

ಉದಾಹರಣಿಗೆ ಹಡಗು ಸಿಂಗಾಪುರದಿಂದ ಪೆನಾಂಗ್, ಫುಕೆಟ್ ಹೋಗಿ ಬರ್ತಿದ್ರ ಮೂರು ದೇಶ ಆತು, ಪಾಲಿಸಿಯೊಳಗ ಮೂರೂ ಇರಬೇಕು. 'ಏಷ್ಯಾ, ಜಪಾನ್ ಬಿಟ್ಟು' ಅನ್ನೂ ಪ್ಲಾನ್ ಭಾಳ ಕಂಪನಿ ಕೊಡ್ತಾವ, ಸೋವಿ ಇರ್ತೈತಿ, ಅದನ್ನ ತಗೊಂಡು ಹಡಗು ಜಪಾನಿಗೆ ಹೋದ್ರ ಕಾಗದ ದಂಡ. ಅಲಾಸ್ಕಾ, ಬಹಾಮಾಸ್ ಅಂದ್ರ 'ಅಮೆರಿಕ, ಕೆನಡಾ ಸೇರಿ' ಅಂತಿರೂದನ್ನೇ ತಗೋಬೇಕು, ಯಾಕಂದ್ರ ಹಡಗು ಹತ್ತೂದು ಇಳಿಯೂದು ಹೆಚ್ಚಾಗಿ ಅಮೆರಿಕದ ಬಂದರದಾಗ, ಅಲ್ಲಿ ದವಾಖಾನಿ ಖರ್ಚು ಜಗತ್ತಿನಾಗ ಎಲ್ಲಾದಕ್ಕಿಂತ ತುಟ್ಟಿ. ದಿನ ಎಣಿಸುವಾಗ ಹುಬ್ಬಳ್ಳಿ ಬಿಟ್ಟ ದಿನದಿಂದ ವಾಪಸ್ ಬಂದ ದಿನದ ತನಕ ಎಣಿಸ್ರಿ, ಮ್ಯಾಲೊಂದು ಎರಡು ದಿನ ಜಾಸ್ತಿ ಹಾಕ್ರಿ. ಚಂಡಮಾರುತಕ್ಕ ಹಡಗು ಒಂದು ದಿನ ತಡ ಆತು ಅಂದ್ರ ಪಾಲಿಸಿ ಮುಗಿದು ಕುಂತಿರಬಾರದು.

ಕೈಯಾಗ ಇರೂ ಕಾರ್ಡು ಕ್ರೂಸ್‌ನಾಗ ಎಷ್ಟಕ್ಕ ಬರ್ತಾವ ನೋಡ್ರಿ

"ನಮ್ದು ಐದು ಲಕ್ಷದ ಮೆಡಿಕ್ಲೇಮ್ ಐತ್ರಿ, ಮತ್ಯಾಕ ಬೇಕು?" ಇದು ನನಗ ಬರೂ ಫೋನಿನಾಗ ಮೊದಲನೇ ಪ್ರಶ್ನೆ. ಸಾಮಾನ್ಯ ಮೆಡಿಕ್ಲೇಮ್ ಭಾರತದೊಳಗಿನ ಚಿಕಿತ್ಸಾಕ್ಕಷ್ಟ, ಹೊರದೇಶಕ್ಕ ಬ್ಯಾರೆ ಕವರ್ ಬೇಕಾಗ್ತೈತಿ. ಆಯುಷ್ಮಾನ್ ಕಾರ್ಡೂ ಹಂಗ, ಇಲ್ಲಿನ ಪಟ್ಟಿಯೊಳಗಿನ ದವಾಖಾನಿಗೆ ಮಾತ್ರ.

ಮುಂಬೈದಿಂದ ಗೋವಾ, ಲಕ್ಷದ್ವೀಪ ಹೋಗೂ ದೇಶದೊಳಗಿನ ಕ್ರೂಸ್ ಆದ್ರ? ಅಲ್ಲೇ ಐತಿ ನೋಡ್ರಿ ಮಜಾ. ನಿಮ್ಮ ಮೆಡಿಕ್ಲೇಮ್ ಕಾಗದದಾಗ 'ಹಾಸ್ಪಿಟಲ್' ಅಂದ್ರ ಏನು ಅಂತ ಒಂದು ವ್ಯಾಖ್ಯೆ ಬರದಿರ್ತಾರ. ಸ್ಥಳೀಯವಾಗಿ ನೋಂದಣಿ ಆಗಿರಬೇಕು, ಇಲ್ಲಂದ್ರ ಹತ್ತು ಲಕ್ಷಕ್ಕಿಂತ ಕಡಿಮಿ ಜನ ಇರೂ ಊರಾಗ ಕನಿಷ್ಠ 10 ಹಾಸಿಗಿ, ದೊಡ್ಡ ಊರಾಗ 15 ಹಾಸಿಗಿ, ಹಗಲು ರಾತ್ರಿ ಡಾಕ್ಟರ್, ನರ್ಸ್, ಸ್ವಂತ ಆಪರೇಷನ್ ಥಿಯೇಟರ್ ಇರಬೇಕು. ಹಡಗಿನ ಮೆಡಿಕಲ್ ಸೆಂಟರ್ ಈ ವ್ಯಾಖ್ಯೆಯೊಳಗ ಕುಂದ್ರೂದು ಕಷ್ಟ. ಮ್ಯಾಲೆ 24 ತಾಸು ಅಡ್ಮಿಟ್ ಆಗಿರಬೇಕು ಅನ್ನೂ ಷರತ್ತು ಬ್ಯಾರೆ, ನಮ್ಮ ಅಪ್ಪಾರ ಹಂಗ ನಾಲ್ಕು ತಾಸು ಸಲೈನ್ ಅಂದ್ರ ಅದು ಓಪಿಡಿ, ಅಂದ್ರ ಅಡ್ಮಿಟ್ ಆಗಲಾರದ ಹೊರರೋಗಿ ಲೆಕ್ಕ. ಹಡಗಿನಿಂದ ಇಳಿಸಿ ಗೋವಾದಾಗೋ ಕೊಚ್ಚಿಯೊಳಗೋ ದೊಡ್ಡ ದವಾಖಾನಿಗೆ ಸೇರಿಸಿದ್ರ ಆವಾಗ ಮೆಡಿಕ್ಲೇಮ್ ಕೆಲಸಕ್ಕ ಬರ್ತೈತಿ. ಆದ್ರ ಅಲ್ಲಿ ತನಕ ತಲುಪಿಸೂ ಖರ್ಚು ಯಾರ್ದು? ಲಕ್ಷದ್ವೀಪದಾಗಿಂದ ಸೀರಿಯಸ್ ಪೇಷಂಟ್‌ನ ಕೊಚ್ಚಿಗೆ ಹೆಲಿಕಾಪ್ಟರಿನಾಗ ಒಯ್ಯೂದು ಅಲ್ಲಿನವ್ರಿಗೇ ರೂಢಿ, ಹಂಗಾದ್ರ ಪ್ರವಾಸಿಗಳ ಕಥಿ ನೀವೇ ವಿಚಾರ ಮಾಡ್ರಿ. ಅದಕ್ಕ ದೇಶದೊಳಗಿನ ಕ್ರೂಸ್‌ಗೂ ಒಂದು ಡೊಮೆಸ್ಟಿಕ್ ಟ್ರಾವೆಲ್ ಪಾಲಿಸಿ ತಗೋರಿ, ಆದ್ರ ಅದರಾಗ ಎಮರ್ಜೆನ್ಸಿ ಇವ್ಯಾಕುವೇಶನ್ (ಪೇಷಂಟ್‌ನ ತುರ್ತಾಗಿ ದವಾಖಾನಿಗೆ ಸಾಗಿಸೂ ಖರ್ಚು) ಐತೇನು ಅಂತ ನೋಡೇ ತಗೋರಿ.

ರೈಲ್ವೆ ಟಿಕೆಟ್ ಜೊತಿಗೆ 45 ಪೈಸೆಕ್ಕ ಬರೂ ಇನ್ಶೂರೆನ್ಸ್ ನಂಬಿ ಒಬ್ಬವ ಕುಂತಿದ್ದ, ಟ್ರೇನ್ ಲೇಟ್ ಆಗಿ ಹಡಗು ತಪ್ಪಿದ್ರ ಅದು ಕೊಡ್ತೈತಿ ಅಂತ. ಅಲ್ರೀ, ಅದು ರೈಲು ಅಪಘಾತದಾಗ ಸತ್ರ, ಗಾಯ ಆದ್ರ ಅಷ್ಟ.

ಇನ್ನ ಟೂರ್ ಪ್ಯಾಕೇಜಿನ 'ಇನ್ಶೂರೆನ್ಸ್ ಪುಕ್ಕಟ' ಅನ್ನೂ ಮಾತು. ನಮಗೂ ಒಬ್ಬ ಏಜೆಂಟ್ ಹಂಗ ಅಂದಿದ್ದ. ಸರ್ಟಿಫಿಕೇಟ್ ಕಳಸಪಾ ಅಂದ್ರ ನಾಲ್ಕು ದಿನ ನಾಳೆ ನಾಳೆ ಅಂದ, ಕೊನಿಗೆ ಬಂದ ಹಾಳಿಯೊಳಗ ಇದ್ದದ್ದು ಅಪಘಾತದಾಗ ಸತ್ರ ಇಷ್ಟು ಲಕ್ಷ ಅಂತ ಒಂದೇ ಸಾಲು. ವಾಂತಿ ಆದ್ರ, ಎದಿ ನೋವು ಬಂದ್ರ, ಬಿದ್ದು ತೊಡಿ ಮುರದ್ರ, ಏನೂ ಇಲ್ಲ. ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್, ಪಾಲಿಸಿ ನಂಬರ್, ಏನೇನು ಎಷ್ಟೆಷ್ಟು ಅನ್ನೂ ಟೇಬಲ್, ಈ ನಾಲ್ಕೂ ಇರೂ ಪಿಡಿಎಫ್ ಕೈಗೆ ಬರೂ ತನಕ ನಿಮ್ಮ ಹತ್ರ ಇನ್ಶೂರೆನ್ಸ್ ಇಲ್ಲ ಅಂತನ ತಿಳ್ಕೋರಿ.

ಮೆಡಿಕಲ್ ಎಷ್ಟು, ಇವ್ಯಾಕುವೇಶನ್ ಎಷ್ಟು

ಕ್ರೂಸ್ ಪಾಲಿಸಿಯ ಜೀವ ಇರೂದು ಇಲ್ಲೇ, ಬ್ಯಾಗು ಗೀಗು ಎಲ್ಲಾ ಆಮೇಲಿನ ಮಾತು. ಹಡಗಿನ ದವಾಖಾನಿ ಸಣ್ಣ ಜಡ್ಡಿಗೆ, ದೊಡ್ಡದಕ್ಕ ಪೇಷಂಟ್‌ನ ತಾತ್ಪೂರ್ತಿ ಸಂಭಾಳಿಸಾಕ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಅಪೆಂಡಿಕ್ಸ್ ಅಂದ್ರ ಮುಂದಿನ ಬಂದರದಾಗ ಇಳಸ್ತಾರ, ಇಲ್ಲಾ ಹಡಗಿನ ದಾರಿ ತಿರುಗಿಸ್ತಾರ, ದಂಡಿ ಹತ್ರ ಇದ್ರ ಹೆಲಿಕಾಪ್ಟರ್ ಕರಸ್ತಾರ, ಹೆಲಿಕಾಪ್ಟರಿಗೂ ಇಂಧನದ ಮಿತಿ ಐತಿ, ನಡು ಸಮುದ್ರಕ್ಕ ಬರೂದಿಲ್ಲ. ಇಳಿಸಿದ ಊರಾಗ ಸಣ್ಣ ದವಾಖಾನಿ ಇತ್ತು ಅಂದ್ರ ಅಲ್ಲಿಂದ ದೊಡ್ಡ ಊರಿಗೆ ಏರ್ ಆಂಬುಲೆನ್ಸ್, ಆಮೇಲೆ ಅಲ್ಲಿಂದ ಭಾರತಕ್ಕ ಸ್ಟ್ರೆಚರ್ ಮ್ಯಾಲೆ. ಮೂರೂ ಬ್ಯಾರೆ ಬ್ಯಾರೆ ಖರ್ಚು.

ಅದಕ್ಕ ಪಾಲಿಸಿಯೊಳಗ ಮೂರು ಪ್ರಶ್ನೆ ಕೇಳ್ರಿ. ಇವ್ಯಾಕುವೇಶನ್ ರೊಕ್ಕ ಮೆಡಿಕಲ್ ಮೊತ್ತದೊಳಗೇ ಬರ್ತೈತೋ, ಅದಕ್ಕ ಬ್ಯಾರೆ ಮೊತ್ತ ಇಟ್ಟಾರೋ? ಹಡಗಿನಿಂದ ದಂಡಿಗೆ ತರೂದೂ ಸೇರೇತೋ, ದಂಡಿಯಿಂದ ಮುಂದಷ್ಟೋ? ಹತ್ರದ ದವಾಖಾನಿ ತನಕ ಅಷ್ಟೋ, ವಾಪಸ್ ಭಾರತಕ್ಕ ತರೂದೂ ಐತೋ? ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿದ್ರ ಎಲ್ಲಾದಕ್ಕೂ "ಯೆಸ್ ಸರ್" ಅಂತಾರ. ಈಮೇಲ್‌ನಾಗ ಕೇಳ್ರಿ, ಉತ್ತರ ಬರದು ಕೊಡ್ಲಿ.

ಮೊತ್ತದ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ, ನಿಮಗ ಸರಿ ಅನಸಿದ್ರ ತಗೋರಿ. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ಕಡೆ ಒಂದು ಲಕ್ಷ ಡಾಲರಿಗಿಂತ ಕಡಿಮಿ ಬ್ಯಾಡ. ಯುರೋಪಿಗೆ ಷೆಂಗೆನ್ ವೀಸಾಕ್ಕ ಕನಿಷ್ಠ 30,000 ಯೂರೋ ಕವರ್ ಕೇಳ್ತಾರ, ಏಜೆಂಟ್ ಅದಕ್ಕ ತಕ್ಕಷ್ಟು ಹಚ್ಚಿ ಕೈ ತೊಳಕೋತಾನ, ಆದ್ರ ಅದು ವೀಸಾದವ್ರ ಲೆಕ್ಕ, ನಡು ಸಮುದ್ರದ ಲೆಕ್ಕಕ್ಕ ಅದು ಸಾಲೂದಿಲ್ಲ. ಅಮೆರಿಕದ ಕಡೆ ಎರಡೂವರೆ ಲಕ್ಷ ಡಾಲರ್, ಆದ್ರ ಐದು ಲಕ್ಷ. 50 ಸಾವಿರದಿಂದ ಒಂದು ಲಕ್ಷಕ್ಕ ಏರಿಸಿದ್ರ ಪ್ರೀಮಿಯಂ ಅಷ್ಟೇನ್ ಏರೂದಿಲ್ಲ, ಒಂದು ಸಲ ಎರಡೂ ಹಾಕಿ ನೋಡ್ರಿ, ದುರ್ಗದ ಬೈಲಾಗ ನಾಲ್ಕು ಮಂದಿ ಗಿರ್ಮಿಟ್ ಮಿರ್ಚಿ ತಿಂದು ಬಂದಷ್ಟು ಫರಕ್ ಕಾಣ್ತೈತಿ.

ಇನ್ನೊಂದು, 60 ದಾಟಿದವ್ರಿಗೆ ಕೆಲವು ಪಾಲಿಸಿಯೊಳಗ ಒಳಮಿತಿ ಇರ್ತಾವ. ಮ್ಯಾಲೆ ದೊಡ್ಡದಾಗಿ ಒಂದು ಲಕ್ಷ ಡಾಲರ್ ಅಂತ ಬರದು, ಒಳಗ ರೂಮಿಗೆ ದಿನಕ್ಕ ಇಷ್ಟೇ, ಐಸಿಯುಕ್ಕ ಇಷ್ಟೇ, ಸರ್ಜನ್‌ಗೆ ಇಷ್ಟೇ ಅಂತ ಸಣ್ಣ ಅಕ್ಷರದಾಗ. ಅಂಥಾದ್ದು ನನಗ ಸೇರಂಗಿಲ್ಲ. ಒಳಮಿತಿ ಇಲ್ಲದ ಪ್ಲಾನ್ ಸಿಕ್ರ ನಾಲ್ಕು ದುಡ್ಡು ಹೆಚ್ಚು ಕೊಟ್ಟಾದ್ರೂ ಅದನ್ನೇ ತಗೋರಿ. ನಮ್ಮ ಅಪ್ಪಾರ ಪ್ರೀಮಿಯಂ ನಂದರ ಮೂರು ಪಟ್ಟಿಗಿಂತ ಹೆಚ್ಚಾತು, ಹೊಟ್ಟಿ ಉರೀತು ಖರೇ. 640 ಡಾಲರಿನ ಬಿಲ್ ಬಂದ ದಿನ ಆ ಉರಿ ಆರಿತು.

ಬಿಪಿ, ಶುಗರ್ ಮುಚ್ಚಿಡಬ್ಯಾಡ್ರಿ

ಫಾರ್ಮ್ ತುಂಬುವಾಗ "ಏನಾರ ಕಾಯಿಲೆ ಐತೇನು" ಅಂತ ಕೇಳ್ತಾರ, ಆವಾಗ ಏಜೆಂಟ್ "ನೋ ಅಂತ ಹೊಡೀರಿ ಸರ್, ಇಲ್ಲಂದ್ರ ರೇಟ್ ಏರ್ತೈತಿ" ಅಂತಾನ. ಹೊಡೀಬ್ಯಾಡ್ರಿ. ಕ್ಲೇಮ್ ಮಾಡಿದ ಮ್ಯಾಲೆ ಅವ್ರು ಮೊದ್ಲು ಕೇಳೂದೇ ಹಳೇ ಚೀಟಿ. ಹಡಗಿನ ಡಾಕ್ಟರೂ ರಿಪೋರ್ಟಿನ ಮೊದಲನೇ ಸಾಲಿನಾಗ 'ಶುಗರ್, ಬಿಪಿ, ಹನ್ನೆರಡು ವರ್ಷದಿಂದ' ಅಂತ ಬರೀತಾನ, ಯಾಕಂದ್ರ ಅಪ್ಪಾರೇ ಹೆಮ್ಮಿಲೇ ಹೇಳಿರ್ತಾರ. ಆವಾಗ ನೀವು ಹೊಡೆದ 'ನೋ' ನಿಮ್ಮ ತಲಿ ಮ್ಯಾಲೇ ಬೀಳ್ತೈತಿ.

ಹೇಳಿದ ಮಾತ್ರಕ್ಕ ಎಲ್ಲಾ ಕವರ್ ಆತು ಅಂತಲ್ಲ. ಭಾಳ ಪಾಲಿಸಿಯೊಳಗ ಮೊದ್ಲಿಂದ ಇದ್ದ ಜಡ್ಡಿಗೆ ಕವರ್ ಇರೂದಿಲ್ಲ, ಜೀವಕ್ಕ ಅಪಾಯ ಬಂದ್ರ ಮಾತ್ರ ಒಂದು ಮಿತಿಯೊಳಗ ಕೊಡ್ತಾವ. ಕೆಲವು ಪ್ಲಾನಿನಾಗ ಹೆಚ್ಚು ಪ್ರೀಮಿಯಂ ಕೊಟ್ರ ಪೂರಾ ಕೊಡ್ತಾವ. ನೋಡಬೇಕಾದ್ದು ಆ ಮಿತಿ ಎಷ್ಟು ಅನ್ನೂದನ್ನ, ಒಂದು ಲಕ್ಷದ ಪಾಲಿಸಿಯೊಳಗ ಹಳೇ ಜಡ್ಡಿಗೆ ಬರೇ ಎರಡು ಮೂರು ಸಾವಿರ ಡಾಲರ್ ಇಟ್ಟಿದ್ರ ವಯಸ್ಸಾದವ್ರಿಗೆ ಅದು ಹೆಸರಿಗಷ್ಟ ಪಾಲಿಸಿ. ನಮ್ಮ ಕ್ಲೇಮ್‌ನಾಗೂ ಒಂದು ಪ್ರಶ್ನೆ ಬಂತು, ಈ ವಾಂತಿ ತಲಿ ತಿರಗೂದು ಶುಗರಿಂದ ಆದದ್ದೇನು ಅಂತ. ಹಡಗಿನ ಡಾಕ್ಟರ್ ಬರದ 'ಹೊಟ್ಟಿ ಸೋಂಕು, ನಿರ್ಜಲೀಕರಣ' ಅನ್ನೂ ಎರಡು ಶಬ್ದ ನಮ್ಮನ್ನ ಉಳಿಸಿದ್ವು. ಆ ಎರಡು ಶಬ್ದ ರಿಪೋರ್ಟಿನಾಗ ಇದ್ದಿಲ್ಲ ಮೊದ್ಲು, ಬರೇ ಔಷಧದ ಪಟ್ಟಿ ಇತ್ತು, ನಾನು ಮರುದಿನ ಹೋಗಿ ಕಾರಣ ಬರದು ಸಹಿ ಮಾಡಿ ಕೊಡ್ರಿ ಅಂತ ಕೇಳಿ ಬರಸ್ಕೊಂಡಿದ್ದೆ.

ಹೊಂಡೂಕ್ಕಿಂತ ಮೊದ್ಲು ನಿಮ್ಮ ಡಾಕ್ಟರ್ ಹತ್ರ ಪ್ರಯಾಣಕ್ಕ ಅಡ್ಡಿ ಇಲ್ಲ ಅಂತ ಒಂದು ಚೀಟಿ, ಗುಳಿಗಿ ಪಟ್ಟಿ ಸಹಿ ಸಮೇತ ತಗೋರಿ. ಡಾಕ್ಟರ್ ಬ್ಯಾಡ ಅಂದಮ್ಯಾಲೂ ಹೋದ್ರ ಯಾವ ಪಾಲಿಸಿನೂ ಕೊಡೂದಿಲ್ಲ. ಬಸುರಿ ಹೆಣಮಕ್ಕಳು ಇದ್ರ ಇನ್ಶೂರೆನ್ಸ್ ಅಷ್ಟ ಅಲ್ಲ, ಹಡಗಿನವ್ರ ನಿಯಮನೂ ನೋಡ್ರಿ, ದೊಡ್ಡ ಕ್ರೂಸ್ ಕಂಪನಿಗಳು ಹೆಚ್ಚಾಗಿ ಟ್ರಿಪ್ ಮುಗಿಯೂದ್ರೊಳಗ 24ನೇ ವಾರಕ್ಕ ಕಾಲಿಡೂವ್ರನ್ನ ಹತ್ತಸ್ಕೊಳ್ಳೂದಿಲ್ಲ.

ಕ್ಯಾನ್ಸಲೇಶನ್, ಮತ್ತ ದೊಡ್ಡಪ್ಪನ ಪ್ರಶ್ನೆ

ಹಡಗಿನ ಬುಕಿಂಗ್ ಹೋಟೆಲ್ ಬುಕಿಂಗ್ ಅಲ್ಲ. ದಿನ ಹತ್ರ ಬಂದಂಗ ದಂಡ ಏರ್ತೈತಿ, ಕೊನೀ ಎರಡು ವಾರದಾಗ ಬಿಟ್ರ ಹೆಚ್ಚಾಗಿ ಪೂರಾ ರೊಕ್ಕ ಹೋಕ್ಕೈತಿ. ನಿಮ್ಮ ಬುಕಿಂಗಿನ ಕ್ಯಾನ್ಸಲೇಶನ್ ಪಟ್ಟಿ ಮುಂದಿಟ್ಕೊಂಡು, ಅತೀ ಹೆಚ್ಚು ಎಷ್ಟು ಮುಳುಗಬಹುದು ಅಂತ ನೋಡಿ, ಅಷ್ಟು ಕ್ಯಾನ್ಸಲೇಶನ್ ಕವರ್ ಐತೇನು ನೋಡ್ರಿ. ಮೂರು ಲಕ್ಷದ ಟ್ರಿಪ್ಪಿಗೆ 500 ಡಾಲರ್ ಕ್ಯಾನ್ಸಲೇಶನ್ ಕವರ್ ಅಂದ್ರ ಏನ್ ಉಪ್ಪಿನಕಾಯಿ ಹಾಕೂದು? ಈ ಕವರ್ ಪಾಲಿಸಿ ತಗೊಂಡ ದಿನದಿಂದ ಶುರು ಆಗ್ತೈತಿ, ಅದಕ್ಕ ಅಡ್ವಾನ್ಸ್ ಕಟ್ಟಿದ ವಾರದಾಗೇ ತಗೋರಿ, ಏರ್‌ಪೋರ್ಟಿನಾಗ ಕುಂತು ಮೊಬೈಲ್‌ನಾಗ ತಗೊಂಡ್ರ ಎರಡು ತಿಂಗಳ ಕವರ್ ದಂಡ ಮಾಡಿದಂಗ.

ಈಗ ದೊಡ್ಡಪ್ಪ. ಕ್ಯಾನ್ಸಲೇಶನ್‌ಗೆ ಕಾರಣ ಏನಿರಬೇಕು ಅಂತ ಪಟ್ಟಿ ಇರ್ತೈತಿ, ನಿಮಗ ಇಲ್ಲಾ 'ಹತ್ತಿರದ ಕುಟುಂಬ'ದವ್ರಿಗೆ ಸಾವು, ಗಂಭೀರ ಜಡ್ಡು, ನೈಸರ್ಗಿಕ ವಿಕೋಪ ಇಂಥಾವು. ಈ ಹತ್ತಿರದ ಕುಟುಂಬ ಅಂದ್ರ ಯಾರು ಅನ್ನೂ ವ್ಯಾಖ್ಯೆ ಓದ್ರಿ. ಹೆಂಡತಿ, ಗಂಡ, ಮಕ್ಕಳು, ತಂದಿ ತಾಯಿ ಇರ್ತಾರ, ಕೆಲವು ಕಡೆ ಅತ್ತಿ ಮಾವ, ಅಣ್ಣ ತಮ್ಮ ಇರ್ತಾರ. ದೊಡ್ಡಪ್ಪ, ಕಾಕಾ, ಸೋದರಮಾವ ಸಾಮಾನ್ಯವಾಗಿ ಇರೂದಿಲ್ಲ. ನಮ್ಮ ಕಡೆ ಗದಗ ತಾಲೂಕಿನಾಗ ಕೂಡು ಮನಿಯೊಳಗ ದೊಡ್ಡಪ್ಪ ತೀರಿಕೊಂಡ್ರ ಹದಿಮೂರು ದಿನ ಮನಿ ಬಿಟ್ಟು ಯಾರೂ ಕದಲೂದಿಲ್ಲ, ಹಡಗು ಯಾರಿಗೆ ಬೇಕು ಆವಾಗ, ಆದ್ರ ಇನ್ಶೂರೆನ್ಸ್ ಕಂಪನಿ ಲೆಕ್ಕದಾಗ ದೊಡ್ಡಪ್ಪ ನಿಮಗ ಏನೂ ಆಗಬೇಕಾಗಿಲ್ಲ. ಅಂಥಾ ವಯಸ್ಸಾದವ್ರು ಮನಿಯೊಳಗ ಹಾಸಿಗಿ ಹಿಡದಿದ್ರ ಪಾಲಿಸಿ ನಂಬೂದಕ್ಕಿಂತ ಕಡಿಮಿ ದಂಡ ಇರೂ ಬುಕಿಂಗ್ ನೋಡೂದು ಚಲೋ. ವೀಸಾ ರಿಜೆಕ್ಟ್ ಆದದ್ದು, ಆಫೀಸಿನಾಗ ರಜೆ ಸಿಗಲಾರದ್ದು ಇವು ಎಲ್ಲಾ ಪಾಲಿಸಿಯೊಳಗ ಇರೂದಿಲ್ಲ, ಬೇಕಂದ್ರ ಇರೂ ಪ್ಲಾನ್ ಹುಡಕ್ರಿ. ಮನಸ್ಸು ಬದಲಾತು ಅಂದ್ರ ಹೆಚ್ಚಾಗಿ ಯಾರೂ ಕೊಡೂದಿಲ್ಲ.

ಚಂಡಮಾರುತದ ವಿಷಯ: ಅರಬ್ಬೀ ಸಮುದ್ರದಾಗ ಅವು ಹೆಚ್ಚಾಗಿ ಮೇ ಜೂನ್, ಆಮೇಲೆ ಅಕ್ಟೋಬರ್ ನವೆಂಬರ್‌ನಾಗ ಏಳ್ತಾವ, 2021ರ ಮೇ ತಿಂಗಳಾಗ ತೌಕ್ತೆ ಬಂದದ್ದು ನೆನಪಿರಬೇಕು. ಹವಾಮಾನ ಇಲಾಖೆಯವ್ರು ಎಚ್ಚರಿಕಿ ಕೊಟ್ಟಮ್ಯಾಲೆ ಓಡಿ ಹೋಗಿ ಪಾಲಿಸಿ ತಗೊಂಡ್ರ ಅದು 'ಮೊದಲೇ ಗೊತ್ತಿದ್ದ ಘಟನೆ', ರೊಕ್ಕ ಸಿಗೂದಿಲ್ಲ.

ಹಡಗು ತಪ್ಪೂದು: ನಮ್ಮ ಊರಿನ ದೊಡ್ಡ ಅಪಾಯ

ಮುಂಬೈದವ್ರಿಗೆ ಬಂದರ ಅಂದ್ರ ಓಲಾ ಹತ್ತಿ ಬ್ಯಾಲಾರ್ಡ್ ಪಿಯರ್‌ಗೆ ಹೋಗೂದು. ನಮಗ ಐನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ, ರಾತ್ರಿ ಬಸ್ಸು ಇಲ್ಲಾ ದಾದರ್ ರೈಲು ಇಲ್ಲಾ ಹುಬ್ಬಳ್ಳಿ ವಿಮಾನ. ಹಾವೇರಿಯ ನನ್ನ ದೋಸ್ತನ ಮನಿಯವ್ರು ಐದು ಮಂದಿ ರಾತ್ರಿ ಬಸ್ಸಿಗೆ ಹೊಂಟು, ಮುಂಜಾನೆ ಎಂಟಕ್ಕ ಮುಂಬೈ, ಹನ್ನೆರಡಕ್ಕ ಚೆಕ್ ಇನ್ ಅಂತ ಲೆಕ್ಕ ಹಾಕಿದ್ರು. ಖಂಡಾಳ ಘಾಟಿನಾಗ ಟ್ರಕ್ ಅಡ್ಡ ಬಿದ್ದು ಆರು ತಾಸು ನಿಂತ್ರು. ಬಂದರಕ್ಕ ಹೋಗೂದ್ರಾಗ ಹಡಗು ದಂಡಿ ಬಿಟ್ಟಿತ್ತು, ಮಕ್ಕಳು ಅತಗೋತ ಅದನ್ನ ನೋಡ್ಕೋತ ನಿಂತಿದ್ವಂತ. ಹಡಗಿನವ್ರ ಲೆಕ್ಕದಾಗ ಅದು 'ನೋ ಶೋ', ಒಂದು ರೂಪಾಯಿ ಇಲ್ಲ. ಪಾಲಿಸಿ ಇತ್ತು, ಆದ್ರ ಅದರಾಗ ಮಿಸ್ಡ್ ಡಿಪಾರ್ಚರ್ ಅಂದ್ರ ವಿಮಾನ ತಡ ಆದದ್ದು ಅಷ್ಟ, ಬಸ್ಸು ಟ್ರಾಫಿಕ್ ಇಲ್ಲ.

ಅದಕ್ಕ ಈ ಕವರ್ ಓದುವಾಗ ಯಾವ ವಾಹನ, ಯಾವ ಕಾರಣ, ಎಷ್ಟು ತಾಸು ತಡ ಅನ್ನೂದನ್ನ ನೋಡ್ರಿ. ಸ್ವಂತ ಕಾರು, ಬಾಡಿಗಿ ಟ್ಯಾಕ್ಸಿ ಹೆಚ್ಚಾಗಿ ಲೆಕ್ಕಕ್ಕಿಲ್ಲ. ಸಿಂಗಾಪುರಕ್ಕ ಹೊಂಟ್ರ ಇನ್ನೊಂದು ಗಂಟು ಐತಿ: ಭಾಳ ಓವರ್‌ಸೀಸ್ ಪಾಲಿಸಿ ಶುರು ಆಗೂದೇ ನೀವು ಭಾರತ ಬಿಡುವಾಗ, ಹುಬ್ಬಳ್ಳಿಯಿಂದ ಬೆಂಗಳೂರಿನ ತನಕದ ಪ್ರಯಾಣ ಅದರಾಗ ಇರೂದಿಲ್ಲ. ಹುಬ್ಬಳ್ಳಿ ವಿಮಾನ ಮಂಜಿಗೋ ಮಳಿಗೋ ತಡ ಆಗಿ ಬೆಂಗಳೂರಾಗ ಸಿಂಗಾಪುರದ ವಿಮಾನ ತಪ್ಪಿದ್ರ, ಎರಡೂ ಒಂದೇ ಟಿಕೆಟ್ಟಿನಾಗ ಇದ್ರ ವಿಮಾನದವ್ರೇ ಮುಂದಿನದಕ್ಕ ಹಾಕ್ತಾರ, ಬ್ಯಾರೆ ಬ್ಯಾರೆ ತಗದಿದ್ರ ನಿಮ್ಮ ನಸೀಬು. ನನ್ನ ಕೇಳಿದ್ರ ಇದಕ್ಕ ಪಾಲಿಸಿಗಿಂತ ಚಲೋ ಮದ್ದು ಒಂದೈತಿ, ಒಂದು ದಿನ ಮೊದ್ಲೇ ಬಂದರದ ಊರಿಗೆ ಹೋಗಿ ಸೋವಿ ಲಾಡ್ಜಿನಾಗ ಮಲ್ಕೋರಿ.

ನಡುವಿನ ಬಂದರದಾಗ ತಪ್ಪೂದೂ ಐತಿ. ಸಿಂಗಾಪುರ, ಪೆನಾಂಗ್ ಗಡಿಯಾರಕ್ಕಿಂತ ಫುಕೆಟ್ ಗಡಿಯಾರ ಒಂದು ತಾಸು ಹಿಂದ. ಹಡಗು ಹೆಚ್ಚಾಗಿ ತನ್ನ ಟೈಮೇ ಇಟ್ಕೊಂಡಿರ್ತೈತಿ, ನಿಮ್ಮ ಮೊಬೈಲ್ ಮಾತ್ರ ದಂಡಿಗೆ ಇಳಿದ ಕೂಡಲೇ ತಾನಾಗೇ ಫುಕೆಟ್ ಟೈಮಿಗೆ ತಿರುಗ್ತೈತಿ. ಮೊಬೈಲ್‌ನಾಗ ನಾಲ್ಕು ಆಗೇತಿ, ಇನ್ನೂ ತಾಸು ಐತಿ ಅಂತ ಎಳನೀರು ಕುಡ್ಕೋತ ಕುಂತ್ರ ಅಲ್ಲಿ ಹಡಗಿನಾಗ ಐದು ಬಡದಿರ್ತೈತಿ. ಕೈಗಡಿಯಾರ ಕಟ್ಟಿ ಹಡಗಿನ ಟೈಮ್ ಹಾಕ್ರಿ. ಹಡಗಿನವ್ರ ಟೂರಿನಾಗ ಹೋಗಿ ತಡ ಆದ್ರ ಅವ್ರು ಕಾಯ್ತಾರ, ನೀವೇ ಟುಕ್‌ಟುಕ್ ಹಿಡಕೊಂಡು ಹೋದ್ರ ಕಾಯೂದಿಲ್ಲ, ಮತ್ತ ನಿಮ್ಮ ತಪ್ಪಿಗೆ ಇನ್ಶೂರೆನ್ಸ್ ರೊಕ್ಕ ಕೊಡೂದಿಲ್ಲ.

ಕ್ರೂಸ್ ಬಂಡಲ್ ಅಂತಾರಲ್ಲ ಅದು

ಕೆಲವು ಕಂಪನಿ ಸಾದಾ ಟ್ರಾವೆಲ್ ಪಾಲಿಸಿ ಮ್ಯಾಲೆ ಕ್ರೂಸ್‌ಗಂತನ ಒಂದು ಗಂಟು ಕೊಡ್ತಾವ. ಬಂದರ ಬಿಟ್ಟು ಹೋದ್ರ ಇಷ್ಟು, ಮುಂಗಡ ಕಟ್ಟಿದ ದಂಡಿ ಟೂರ್ ರದ್ದಾದ್ರ ಇಷ್ಟು, ಜಡ್ಡಾಗಿ ಕ್ಯಾಬಿನ್‌ನಾಗ ಕೂಡಿ ಹಾಕಿದ್ರ ದಿನಕ್ಕ ಇಷ್ಟು. ಕ್ಯಾಪ್ಟನ್ ಹವಾಮಾನ ನೋಡಿ ಒಂದು ಬಂದರ ಬಿಡಬಹುದು, ಅದು ಅವನ ಅಧಿಕಾರ, ಟಿಕೆಟ್ ಹಿಂದಿನ ಕರಾರಿನಾಗೇ ಬರದಿರ್ತೈತಿ, ಹಡಗಿನವ್ರು ಬಂದರದ ಟ್ಯಾಕ್ಸ್ ಅಷ್ಟ ವಾಪಸ್ ಕೊಟ್ರ ಕೊಟ್ರು. ಕೂಡಿ ಹಾಕೂದು ಅಂದ್ರ ನಗಬ್ಯಾಡ್ರಿ, 2020ರ ಫೆಬ್ರುವರಿಯೊಳಗ ಜಪಾನಿನ ಯೊಕೊಹಾಮಾದಾಗ ಡೈಮಂಡ್ ಪ್ರಿನ್ಸೆಸ್ ಹಡಗಿನಾಗ 3,711 ಮಂದಿ ಕೊರೊನಾಕ್ಕ ಸಿಕ್ಕಾಕ್ಕೊಂಡಿದ್ರಲ್ಲ, ಅದರಾಗ ನಮ್ಮ ದೇಶದವ್ರೂ ಇದ್ರು. ಈಗ ಹೆಚ್ಚಾಗಿ ನೊರೊವೈರಸ್ ವಾಂತಿ ಭೇದಿಗೆ ಒಂದು ಎರಡು ದಿನ ಕ್ಯಾಬಿನ್ ಬಿಡಬ್ಯಾಡ್ರಿ ಅಂತಾರ.

ಇದಕ್ಕ ಹೆಚ್ಚು ರೊಕ್ಕ ಕೊಡಬೇಕೇನು? ಮೂರು ನಾಲ್ಕು ರಾತ್ರಿ ಟ್ರಿಪ್ಪಿಗೆ ಸೋವಿ ಸಿಕ್ರ ತಗೋರಿ, ಇಲ್ಲಂದ್ರ ಬಿಡ್ರಿ. ಆ ರೊಕ್ಕದಾಗ ಮೆಡಿಕಲ್ ಮೊತ್ತ ಏರಸ್ರಿ. ಹತ್ತು ಹದಿನೈದು ದಿನದ ಯುರೋಪ್ ಕ್ರೂಸ್ ಆದ್ರ ತಗೊಳ್ಳೂದೇ ಸರಿ.

ಬ್ಯಾಗಿನ ಕವರ್ ಬಗ್ಗೆ ತಲಿ ಕೆಡಿಸ್ಕೋಬ್ಯಾಡ್ರಿ. ಹೆಚ್ಚಾಗಿ ವಿಮಾನಕ್ಕ ಕೊಟ್ಟ ಬ್ಯಾಗ್ ಪೂರಾ ಕಳದ್ರ ಅಷ್ಟ, ಬಂಗಾರ, ರೊಕ್ಕ ಅದರಾಗ ಬರೂದಿಲ್ಲ. ಕುಡದು ಬಿದ್ರ ಕ್ಲೇಮ್ ಹೋತು. ಫುಕೆಟ್‌ನಾಗ ಪ್ಯಾರಾಸೇಲಿಂಗ್, ಜೆಟ್ ಸ್ಕೀ, ಸ್ಕೂಬಾ ಮಾಡೂ ಆಸೆ ಇದ್ರ ಅಡ್ವೆಂಚರ್ ಸ್ಪೋರ್ಟ್ಸ್ ಸೇರೇತೇನು ನೋಡ್ರಿ, ಸೇರಿರಲಿಲ್ಲಂದ್ರ ದಂಡಿ ಮ್ಯಾಲೆ ಕುಂತು ಮಂದಿ ಹಾರೂದು ನೋಡ್ರಿ.

ಎರಡು ಮೂರು ಪಾಲಿಸಿ ಮುಂದಿಟ್ಕೊಂಡು ಹೋಲಿಸೂದು

ಬ್ರೋಶರ್ ಬ್ಯಾಡ, 'ಪಾಲಿಸಿ ವರ್ಡಿಂಗ್' ಅನ್ನೂ ಉದ್ದ ಪಿಡಿಎಫ್ ಡೌನ್‌ಲೋಡ್ ಮಾಡ್ರಿ. ಪೂರಾ ಓದಾಕ ಯಾರಿಗೂ ಆಗೂದಿಲ್ಲ, ನನಗೂ ಆಗಲಿಲ್ಲ. ಸರ್ಚಿನಾಗ ಕ್ರೂಸ್, ಹಡಗು, ಇವ್ಯಾಕುವೇಶನ್, ಪ್ರೀ ಎಕ್ಸಿಸ್ಟಿಂಗ್ (ಮೊದ್ಲಿಂದ ಇದ್ದ ಜಡ್ಡು), ಡಿಡಕ್ಟಿಬಲ್, ಕಾಮನ್ ಕ್ಯಾರಿಯರ್ (ಟಿಕೆಟ್ ತಗೊಂಡು ಯಾರಾದ್ರೂ ಹತ್ತಬಹುದಾದ ಬಸ್ಸು, ರೈಲು, ವಿಮಾನದಂಥಾ ವಾಹನ), ಇಮಿಡಿಯೇಟ್ ಫ್ಯಾಮಿಲಿ (ಹತ್ತಿರದ ಕುಟುಂಬ) ಈ ಶಬ್ದ ಇಂಗ್ಲಿಷಿನಾಗ ಹಾಕಿ ಅವು ಬಂದಲ್ಲೆಲ್ಲಾ ಓದ್ರಿ. ಕೆಲವು ಪಾಲಿಸಿಯೊಳಗ ಕ್ರೂಸ್ ಅನ್ನೂ ಶಬ್ದನೇ ಇರೂದಿಲ್ಲ, ಅಂಥಾದಕ್ಕ ಈಮೇಲ್ ಹಾಕಿ "ಹಡಗಿನ ಮೆಡಿಕಲ್ ಸೆಂಟರಿನ ಓಪಿಡಿ ಬಿಲ್ ಕೊಡ್ತೀರೇನು" ಅಂತ ಒಂದೇ ಪ್ರಶ್ನೆ ಕೇಳ್ರಿ. ಎರಡು ದಿನದಾಗ ಸರಿಯಾದ ಉತ್ತರ ಕೊಡಲಾರದ ಕಂಪನಿ ಕ್ಲೇಮ್ ಟೈಮಿನಾಗ ಹೆಂಗ ಇರ್ತೈತಿ ಅಂತ ತಿಳಿಯೂದೇ ಐತಿ.

ಡಿಡಕ್ಟಿಬಲ್ ಅಂದ್ರ ಪ್ರತಿ ಕ್ಲೇಮಿನಾಗ ನೀವು ಹೊರೂ ಭಾಗ. ನಮ್ದು 100 ಡಾಲರ್ ಇತ್ತು. 250 ಇದ್ರ ಪ್ರೀಮಿಯಂ ಕಡಿಮಿ, ಆದ್ರ ಕ್ರೂಸ್‌ನಾಗ ಬರೂ ಬಿಲ್ಲೆಲ್ಲಾ ಇಂಥಾ ಸಣ್ಣವೇ ಹೆಚ್ಚು, ಹಂಗಾಗಿ ಕಡಿಮಿ ಇರೂದೇ ವಾಸಿ.

ಹೆಸರು ಪಾಸ್‌ಪೋರ್ಟಿನಾಗ ಹೆಂಗೈತೋ ಹಂಗ ಹಾಕ್ರಿ. ನಮ್ಮ ಕಡೆ ಆಧಾರಿನಾಗ ಒಂದು, ಪಾಸ್‌ಪೋರ್ಟಿನಾಗ ಅಪ್ಪನ ಹೆಸರು ನಡುವ, ಬ್ಯಾಂಕಿನಾಗ ಅಡ್ಡಹೆಸರು ಬರೇ ಒಂದು ಅಕ್ಷರ, ಹಿಂಗ ಮೂರು ಅವತಾರ ಇರ್ತಾವ, ಕ್ಲೇಮ್ ರೊಕ್ಕ ಬ್ಯಾಂಕಿಗೆ ಬರುವಾಗ ಅದೇ ಕಿರಿಕಿರಿ. ಮತ್ತ ಭಾರತದಾಗ ಇರುವಾಗೇ ತಗೋರಿ, ಹೊರಗ ಹೋದಮ್ಯಾಲೆ ನಮ್ಮ ಕಂಪನಿಗಳು ಹೊಸ ಪಾಲಿಸಿ ಕೊಡೂದು ಭಾಳ ಕಡಿಮಿ.

ಹಡಗಿನಾಗ, ಆಮೇಲೆ ಕ್ಲೇಮ್

ಹಡಗು ಹತ್ತಿದ ಕೂಡಲೇ ಮೊಬೈಲ್ ಫ್ಲೈಟ್ ಮೋಡ್‌ಗೆ ಹಾಕ್ರಿ, ಇಲ್ಲಂದ್ರ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡ್ಕೊಂಡು ಬಿಲ್ ಬರೀತೈತಿ. ವೈಫೈ ತಗೊಂಡು ಅದರಾಗ ಅಸಿಸ್ಟನ್ಸ್ ಕಂಪನಿಯ (ಇನ್ಶೂರೆನ್ಸಿನವ್ರ ಪರವಾಗಿ ತುರ್ತಿಗೆ ಸಹಾಯ ಮಾಡೂವ್ರು) ವಾಟ್ಸಾಪ್, ಈಮೇಲ್ ಇಟ್ಕೋರಿ. ಪಾಲಿಸಿಯ ಪ್ರಿಂಟ್ ಎರಡು, ಒಂದು ನಿಮ್ಮ ಹತ್ರ, ಇನ್ನೊಂದು ಅವ್ವಾರ ಪರ್ಸಿನಾಗ. ಸಣ್ಣ ಚಿಕಿತ್ಸಾ ಆದ್ರ ಅವತ್ತೇ ಒಂದು ಈಮೇಲ್ ಹಾಕಿಬಿಡ್ರಿ. ದೊಡ್ಡದಾಗಿ ಇಳಿಸಬೇಕು, ಹೆಲಿಕಾಪ್ಟರ್ ಬೇಕು ಅಂದ್ರ ಮೊದ್ಲು ಅಸಿಸ್ಟನ್ಸಿನವ್ರಿಗೆ ತಿಳಿಸೂದು ಕಡ್ಡಾಯ, ಅವ್ರು ಒಪ್ಪಲಾರದ ಇವ್ಯಾಕುವೇಶನ್ ಖರ್ಚು ಆಮೇಲೆ ತಕರಾರಿಗೆ ಬೀಳ್ತೈತಿ, ಹಡಗಿನ ಗೆಸ್ಟ್ ಸರ್ವಿಸಿನವ್ರೇ ಫೋನ್ ಹಚ್ಚಿ ಕೊಡ್ತಾರ.

ಇಳಿಯೂಕ್ಕಿಂತ ಮೊದ್ಲು ಮೆಡಿಕಲ್ ಸೆಂಟರಿಗೆ ಮತ್ತೊಮ್ಮೆ ಹೋಗಿ ವಿವರ ಇರೂ ಬಿಲ್, ಡಾಕ್ಟರ್ ರಿಪೋರ್ಟ್ ಕಾರಣ ಸಮೇತ, ರೂಮಿನ ಅಕೌಂಟಿನ ಪೂರಾ ಹಾಳಿ ತಗೋರಿ. ಮನಿಗೆ ಬಂದಮ್ಯಾಲೆ ಹಡಗಿನವ್ರಿಗೆ ಈಮೇಲ್ ಹಾಕಿ ತರಿಸ್ಕೊಳ್ಳೂದು ಅಂದ್ರ ತಿಂಗಳುಗಟ್ಟಲೆ. ಕ್ಲೇಮಿಗೆ ಇವು, ಪಾಸ್‌ಪೋರ್ಟಿನ ಸೀಲ್ ಬಿದ್ದ ಪುಟ ಇಲ್ಲಾ ಬೋರ್ಡಿಂಗ್ ಪಾಸ್, ಕಾರ್ಡಿನ ಸ್ಟೇಟ್‌ಮೆಂಟ್, ಕ್ಯಾನ್ಸಲ್ ಚೆಕ್ ಬೇಕಾಗ್ತಾವ. ಬೋರ್ಡಿಂಗ್ ಪಾಸ್ ಬಿಸಾಕಬ್ಯಾಡ್ರಿ, ನಮ್ಮ ಅವ್ವಾರು ಕಸದಬುಟ್ಟಿಗೆ ಹಾಕಿದ್ರು, ಹೋಟೆಲಿನಾಗ ವಾಪಸ್ ತಗದು ಇಸ್ತ್ರಿ ಮಾಡಿದಂಗ ನೆಟ್ಟಗ ಮಾಡಿ ಸ್ಕ್ಯಾನ್ ಮಾಡಿದೆ.

ಕ್ಲೇಮ್ ತಿರಸ್ಕಾರ ಆತು ಅಂದ್ರ ಸುಮ್ನ ಕುಂದ್ರಬ್ಯಾಡ್ರಿ. ಮೊದ್ಲು ಕಂಪನಿಯ ದೂರು ಕೇಳೂ ಗ್ರೀವನ್ಸ್ ಆಫೀಸರಿಗೆ ಬರೀರಿ, ಜೊತಿಗೆ ಇನ್ಶೂರೆನ್ಸ್ ಕಂಪನಿಗಳ ಮ್ಯಾಲೆ ನಿಗಾ ಇಡೂ ಸರ್ಕಾರಿ ಸಂಸ್ಥೆ ಐಆರ್‌ಡಿಎಐದ ಬಿಮಾ ಭರೋಸಾ ಪೋರ್ಟಲಿನಾಗ ಹಾಕ್ರಿ, 155255ಕ್ಕ ಫೋನೂ ಮಾಡಬಹುದು. ಒಂದು ತಿಂಗಳಾಗ ಉತ್ತರ ಬರಲಿಲ್ಲ, ಇಲ್ಲಾ ಬಂದದ್ದು ಒಪ್ಪಿಗಿ ಆಗಲಿಲ್ಲ ಅಂದ್ರ ಇನ್ಶೂರೆನ್ಸ್ ಒಂಬುಡ್ಸ್‌ಮನ್ (ಇಂಥಾ ತಕರಾರು ಬಗೆಹರಿಸೂ ಅಧಿಕಾರಿ) ಹತ್ರ ಹೋಗ್ರಿ, ನಮ್ಮ ರಾಜ್ಯಕ್ಕ ಆಫೀಸ್ ಬೆಂಗಳೂರಾಗ ಐತಿ, ಕಂಪನಿ ತಿರಸ್ಕಾರ ಮಾಡಿದ ಒಂದು ವರ್ಷದೊಳಗ ಹೋಗಬೇಕು. 50 ಲಕ್ಷದ ತನಕದ ತಕರಾರು ತಗೋತಾರ, ಫೀ ಇಲ್ಲ, ವಕೀಲ ಬ್ಯಾಡ, ಆನ್‌ಲೈನ್‌ನಾಗೂ ಹಾಕಬಹುದು. ಆವಾಗ ನಿಮ್ಮ ಕೈಯಾಗ ಬೇಕಾಗೂದು ಫೋನಿನಾಗ ಕೇಳಿದ ಮಾತಲ್ಲ, ಪಾಲಿಸಿ ತಗೊಳ್ಳೂಕ್ಕಿಂತ ಮೊದ್ಲು ಹಾಕಿದ್ದ ಈಮೇಲ್, ಅದಕ್ಕ ಅವ್ರು ಬರದ ಉತ್ತರ. ನಮ್ದು ಅಲ್ಲಿ ತನಕ ಹೋಗಲಿಲ್ಲ, ಒಂದು ಸಲ ಪ್ರಶ್ನೆ ಕೇಳಿ, ಏಳನೇ ವಾರಕ್ಕ ರೊಕ್ಕ ಹಾಕಿದ್ರು. ಅಪ್ಪಾರು ಮೆಸೇಜ್ ನೋಡಿ, 100 ಡಾಲರ್ ಯಾಕ ಕಡದ್ರು ಅಂತ ಇವತ್ತಿಗೂ ಕೇಳ್ತಾರ.